ರೆಡ್‌ಮೈನ್: 340 ಟಾಸ್ಕ್‌ಗಳ ಪಟ್ಟಿಯನ್ನು ಕೆಲಸದ ಸರದಿಗೆ ತಕ್ಕಂತೆ ಜೋಡಿಸುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಹಳೆಯ ಕನ್ನಡ ಪುಸ್ತಕಗಳನ್ನು ಡಿಜಿಟಲ್ ರೂಪಕ್ಕೆ ತರುವ 9 ಜನರ ತಂಡ ನಮ್ಮದು. ಕೆಲಸ ಹಂಚಲು ರೆಡ್‌ಮೈನ್ ಎಂಬ ವೆಬ್ ತಂತ್ರಾಂಶ ಇದೆ (ಅದರಲ್ಲಿ ಟಾಸ್ಕ್‌ಗೆ 'ಇಶ್ಯೂ' ಎಂದು ಹೆಸರು), ಅದರ ಮಾಹಿತಿ ಕೂರುವ ಡೇಟಾಬೇಸ್ ಮೈಎಸ್‌ಕ್ಯೂಎಲ್. ಒಂದು ಪುಸ್ತಕಕ್ಕೆ ಒಂದು ಪೇರೆಂಟ್ ಟಾಸ್ಕ್, ಅದರಡಿ ಅಧ್ಯಾಯಕ್ಕೊಂದು ಸಬ್‌ಟಾಸ್ಕ್. ಪ್ರತಿ ಅಧ್ಯಾಯವೂ ಆರು ಹಂತ ದಾಟಬೇಕು: ಸ್ಕ್ಯಾನ್, ಬೆರಳಚ್ಚು, ಕರಡು 1, ಕರಡು 2, ಪುಟವಿನ್ಯಾಸ, ಅಪ್‌ಲೋಡ್. ಇದಕ್ಕೆ 'ಹಂತ' ಎಂಬ ಲಿಸ್ಟ್ ಮಾದರಿಯ ಕಸ್ಟಮ್ ಫೀಲ್ಡ್ ಮಾಡಿದ್ದೇವೆ. ಮುಗಿಯದೆ ಉಳಿದಿರುವವು ಸುಮಾರು 340.

ತೊಂದರೆ ಇವು:

1. ಡ್ಯೂ ಡೇಟ್ ಮೇಲೆ ಸಾರ್ಟ್ ಮಾಡಿದರೆ ದಿನಾಂಕವೇ ಇಲ್ಲದ ಟಾಸ್ಕ್‌ಗಳು ತಲೆಯಲ್ಲಿ ಬಂದು ಕೂರುತ್ತವೆ. ನಾಳೆ ಮುಗಿಯಬೇಕಾದ್ದು ಮೂರನೇ ಪುಟದಲ್ಲಿರುತ್ತದೆ.
2. 'ಹಂತ'ದ ಮೇಲೆ ಸಾರ್ಟ್ ಮಾಡಿದರೆ ಅಪ್‌ಲೋಡ್ ಮೊದಲು, ಸ್ಕ್ಯಾನ್ ಕೊನೆಗೆ. ಅಕಾರಾದಿ ಆಗುತ್ತಿದೆ.
3. ಸಬ್‌ಟಾಸ್ಕ್‌ಗಳು ಪೇರೆಂಟ್‌ನಿಂದ ಬೇರ್ಪಟ್ಟು ಚೆಲ್ಲಾಪಿಲ್ಲಿಯಾಗುತ್ತವೆ.
4. 'ಅಧ್ಯಾಯ 10' ಎಂಬುದು 'ಅಧ್ಯಾಯ 2'ಕ್ಕಿಂತ ಮೇಲೆ ಬರುತ್ತದೆ.
5. ಮೌಸ್‌ನಿಂದ ಎಳೆದು ಮೇಲೆ ಕೆಳಗೆ ಮಾಡುವ ದಾರಿಯೇ ಕಾಣುತ್ತಿಲ್ಲ.

ಬೇಕಾದ್ದು ಇಷ್ಟು: ಬೆಳಿಗ್ಗೆ ಬಂದು ಕೂತವರು ಯಾರನ್ನೂ ಕೇಳದೆ ಪಟ್ಟಿಯ ಮೇಲಿನ ಸಾಲನ್ನೇ ಎತ್ತಿಕೊಂಡು ಕೆಲಸ ಶುರು ಮಾಡುವಂತಿರಬೇಕು. ಪ್ಲಗಿನ್ (ಹೊರಗಿನಿಂದ ಸೇರಿಸುವ ಹೆಚ್ಚುವರಿ ತಂತ್ರಾಂಶ) ಇಲ್ಲದೆ ಆದರೆ ಒಳ್ಳೆಯದು.

---

ಕಬ್ಬಿಣದಕಡಲೆ

ಐದರಲ್ಲಿ ನಾಲ್ಕಕ್ಕೆ ಪ್ಲಗಿನ್ ಬೇಡ. ಒಂದೊಂದಾಗಿ ನೋಡೋಣ.

ಖಾಲಿ ದಿನಾಂಕ. ಇದು ರೆಡ್‌ಮೈನ್ ಮಾಡುತ್ತಿರುವುದಲ್ಲ, ಕೆಳಗಿನ ಡೇಟಾಬೇಸ್ ಮಾಡುತ್ತಿರುವುದು. ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಲೈಟ್ ಖಾಲಿ ಮೌಲ್ಯವನ್ನು ಎಲ್ಲಕ್ಕಿಂತ ಚಿಕ್ಕದು ಎಂದು ಎಣಿಸುತ್ತವೆ, ಹಾಗಾಗಿ ಏರಿಕೆ ಕ್ರಮದಲ್ಲಿ ಅವು ಮೊದಲು. ಪೋಸ್ಟ್‌ಗ್ರೆಸ್‌ನಲ್ಲಿ ತಿರುಗುಮುರುಗು: ಖಾಲಿಯೇ ದೊಡ್ಡದು, ಏರಿಕೆಯಲ್ಲಿ ಕೊನೆಗೆ ಹೋಗುತ್ತದೆ. ಒಂದೇ ಆವೃತ್ತಿಯ ರೆಡ್‌ಮೈನ್ ಎರಡು ಕಡೆ ಬೇರೆ ಬೇರೆಯಾಗಿ ಕಾಣುವುದು ಇದರಿಂದಲೇ. ಇದನ್ನು ತಿರುಗಿಸುವ ಸೆಟ್ಟಿಂಗ್ ರೆಡ್‌ಮೈನ್‌ನಲ್ಲಿ ಇಲ್ಲ, ಆದ್ದರಿಂದ ಪಟ್ಟಿಯನ್ನೇ ಎರಡು ಮಾಡಿ. ಒಂದು ಕ್ವೆರಿಯಲ್ಲಿ (ಫಿಲ್ಟರ್ ಮತ್ತು ಸಾರ್ಟ್ ಸಮೇತ ಸೇವ್ ಮಾಡಿಟ್ಟ ಪಟ್ಟಿ) ಡ್ಯೂ ಡೇಟ್ ಫಿಲ್ಟರ್‌ಗೆ 'ಎನಿ' (ದಿನಾಂಕ ಇರುವವು), ಇನ್ನೊಂದರಲ್ಲಿ 'ನನ್' (ಇಲ್ಲದವು). ಮೊದಲನೆಯದು ಕೆಲಸದ ಪಟ್ಟಿ. ಎರಡನೆಯದು ತಂಡ ನಡೆಸುವವರಿಗೆ: ಅದರಲ್ಲಿರುವುದೆಲ್ಲ ಇನ್ನೂ ದಿನಾಂಕ ಕಾಣದ ಕೆಲಸ, ವಾರಕ್ಕೊಮ್ಮೆ ಅದನ್ನು ಖಾಲಿ ಮಾಡಬೇಕು. ಯಾರಾದರೂ ನೇರವಾಗಿ ಡೇಟಾಬೇಸ್‌ನಿಂದ ವರದಿ ತೆಗೆಯುತ್ತಿದ್ದರೆ ಮೈಎಸ್‌ಕ್ಯೂಎಲ್‌ನಲ್ಲಿ 'ಆರ್ಡರ್ ಬೈ ಡ್ಯೂ_ಡೇಟ್ ಈಸ್ ನಲ್, ಡ್ಯೂ_ಡೇಟ್' ಎಂದು ಬರೆದರೆ ಸಾಕು, ಖಾಲಿಯವು ತಳ ಸೇರುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ 'ನಲ್ಸ್ ಲಾಸ್ಟ್', 'ನಲ್ಸ್ ಫಸ್ಟ್' ಎಂದು ನೇರವಾಗಿಯೇ ಹೇಳಬಹುದು.

ಹಂತ. 'ಲಿಸ್ಟ್' ಮಾದರಿಯ ಫೀಲ್ಡ್ ತನ್ನ ಮೌಲ್ಯವನ್ನು ಬರಿಯ ಪಠ್ಯವಾಗಿ ಇಟ್ಟುಕೊಳ್ಳುತ್ತದೆ, ಸಾರ್ಟ್ ಕೂಡ ಪಠ್ಯದಂತೆಯೇ. ನೀವು ಆಯ್ಕೆಗಳನ್ನು ಯಾವ ಕ್ರಮದಲ್ಲಿ ಬರೆದಿರಿ ಎಂಬುದು ಡ್ರಾಪ್‌ಡೌನ್‌ನಲ್ಲಿ ಮಾತ್ರ ಕಾಣುತ್ತದೆ. ಬೇಕಾದ್ದು 'ಕೀ/ವ್ಯಾಲ್ಯೂ ಲಿಸ್ಟ್' ಮಾದರಿ, ರೆಡ್‌ಮೈನ್ 3.2ರಿಂದ ಇದೆ. ಅದು ಪ್ರತಿ ಆಯ್ಕೆಗೂ ಸ್ಥಾನಸಂಖ್ಯೆ ಇಟ್ಟುಕೊಂಡು ಅದರಂತೆ ಸಾರ್ಟ್ ಮಾಡುತ್ತದೆ. ಈಗಿರುವ ಫೀಲ್ಡ್‌ನ ಮಾದರಿಯನ್ನು ಬದಲಿಸಲು ಬಿಡುವುದಿಲ್ಲ, ಹೊಸತೇ ಮಾಡಬೇಕು:

ಅಡ್ಮಿನಿಸ್ಟ್ರೇಷನ್ > ಕಸ್ಟಮ್ ಫೀಲ್ಡ್ಸ್ > ನ್ಯೂ > ಇಶ್ಯೂಸ್ > ಫಾರ್ಮ್ಯಾಟ್: ಕೀ/ವ್ಯಾಲ್ಯೂ ಲಿಸ್ಟ್. ಮೊದಲು ಸೇವ್ ಮಾಡಿ. ಆಯ್ಕೆಗಳನ್ನು ತುಂಬುವ 'ಎಡಿಟ್' ಕೊಂಡಿ ಸೇವ್ ಆದ ಮೇಲಷ್ಟೇ ಕಾಣುತ್ತದೆ, ಎಷ್ಟೋ ಜನ ಇಲ್ಲಿ ತಡಕಾಡುತ್ತಾರೆ. ಆರು ಹಂತ ತುಂಬಿ, ಎಳೆದು ಕ್ರಮಕ್ಕೆ ತನ್ನಿ. 'ಮಲ್ಟಿಪಲ್ ವ್ಯಾಲ್ಯೂಸ್' ಗುರುತು ಹಾಕಬೇಡಿ. ಹಾಕಿದರೆ ಆ ಕಾಲಂ ಸಾರ್ಟೇ ಆಗುವುದಿಲ್ಲ.

ಆಮೇಲೆ ಹಳೆಯ ಫೀಲ್ಡ್ 'ಸ್ಕ್ಯಾನ್' ಇರುವವನ್ನು ಫಿಲ್ಟರ್ ಮಾಡಿ, ಎಲ್ಲವನ್ನೂ ಆಯ್ದು, ಬಲ ಕ್ಲಿಕ್ ಮಾಡಿ ಬಲ್ಕ್ ಎಡಿಟ್‌ನಲ್ಲಿ ಹೊಸ ಫೀಲ್ಡ್‌ಗೆ 'ಸ್ಕ್ಯಾನ್' ಕೊಡಿ. ಹೀಗೆ ಆರು ಸುತ್ತು. ಎರಡು ಎಚ್ಚರಿಕೆ. 'ಎಲ್ಲ ಆಯ್ಕೆ' ಎಂದರೆ ಕಣ್ಣ ಮುಂದಿನ ಪುಟದಲ್ಲಿರುವವು ಮಾತ್ರ, ಆದ್ದರಿಂದ ಪುಟಕ್ಕೆ 100 ಇಟ್ಟುಕೊಳ್ಳಿ. ಇನ್ನೊಂದು, ಬಲ್ಕ್ ಎಡಿಟ್ ಪ್ರತಿ ಟಾಸ್ಕ್‌ಗೂ ಒಂದೊಂದು ಇಮೇಲ್ ಕಳಿಸುತ್ತದೆ. ಶುರು ಮಾಡುವ ಮುನ್ನ ಸೆಟ್ಟಿಂಗ್ಸ್ > ಇಮೇಲ್ ನೋಟಿಫಿಕೇಷನ್ಸ್‌ನಲ್ಲಿ 'ಇಶ್ಯೂ ಅಪ್‌ಡೇಟೆಡ್' ಗುರುತು ತೆಗೆದಿಡಿ, ಮುಗಿದ ಮೇಲೆ ಮರಳಿ ಹಾಕಿ.

ಪೇರೆಂಟ್ ಮತ್ತು ಸಬ್‌ಟಾಸ್ಕ್. 'ಪೇರೆಂಟ್ ಟಾಸ್ಕ್' ಕಾಲಂ ಸೇರಿಸಿ ಅದರ ಮೇಲೆ ಸಾರ್ಟ್ ಮಾಡಿದರೆ ಮರದಂತೆ ಒಳಸರಿದು ಜೋಡಣೆಯಾಗುತ್ತದೆ. ಆದರೆ ಪುಸ್ತಕಗಳ ನಡುವಿನ ಕ್ರಮ ಆಗ ಪೇರೆಂಟ್‌ನ ಐಡಿಯಂತೆ ಹೋಗುತ್ತದೆಯೇ ಹೊರತು ದಿನಾಂಕದಂತಲ್ಲ. ಮರವೂ ಬೇಕು, ದಿನಾಂಕವೂ ಬೇಕು ಎಂದರೆ ಒಂದೇ ಪಟ್ಟಿಯಲ್ಲಿ ಆಗದು.

ಇಲ್ಲಿ ಇನ್ನೊಂದು ವಿಷಯವಿದೆ. ಸೆಟ್ಟಿಂಗ್ಸ್ > ಇಶ್ಯೂ ಟ್ರ್ಯಾಕಿಂಗ್‌ನಲ್ಲಿ 'ಪೇರೆಂಟ್ ಟಾಸ್ಕ್ಸ್ ಆಟ್ರಿಬ್ಯೂಟ್ಸ್' 'ಕ್ಯಾಲ್ಕ್ಯುಲೇಟೆಡ್' ಎಂದಿದ್ದರೆ, ಪೇರೆಂಟ್‌ನ ಡ್ಯೂ ಡೇಟ್ ಎಂದರೆ ಅದರ ಸಬ್‌ಟಾಸ್ಕ್‌ಗಳಲ್ಲೇ ಅತಿ ತಡವಾದದ್ದು. ಪ್ರಯಾರಿಟಿ ಎಂದರೆ ಮುಗಿಯದ ಸಬ್‌ಟಾಸ್ಕ್‌ಗಳಲ್ಲೇ ಅತಿ ಹೆಚ್ಚಿನದು. ಹಾಗಾಗಿ ದಿನಾಂಕದ ಸಾರ್ಟ್‌ನಲ್ಲಿ ಪೇರೆಂಟ್ ತನ್ನ ಮಕ್ಕಳಿಗಿಂತ ಕೆಳಗೆ ಇಳಿಯುತ್ತದೆ, ಪ್ರಯಾರಿಟಿಯ ಸಾರ್ಟ್‌ನಲ್ಲಿ ಮೇಲೇರುತ್ತದೆ. ಪೇರೆಂಟ್ ಅನ್ನು ಯಾರೂ 'ಮಾಡುವ' ಹಾಗಿಲ್ಲವಲ್ಲ, ಕೆಲಸದ ಪಟ್ಟಿಯಿಂದ ಅದನ್ನು ತೆಗೆದೇಬಿಡಿ: ಫಿಲ್ಟರ್‌ನಲ್ಲಿ 'ಸಬ್‌ಟಾಸ್ಕ್ಸ್: ನನ್'. ಆಗ ಮರದ ಎಲೆಗಳು, ಅಂದರೆ ತಮ್ಮಡಿ ಸಬ್‌ಟಾಸ್ಕ್ ಇಲ್ಲದವು ಮಾತ್ರ ಉಳಿಯುತ್ತವೆ.

ಮೂರು ಕೀಲಿ. ರೆಡ್‌ಮೈನ್ ಒಂದು ಪಟ್ಟಿಗೆ ಮೂರು ಸಾರ್ಟ್ ಕೀಲಿಗಳನ್ನು ನೆನಪಿಡುತ್ತದೆ. ಕಾಲಂ ತಲೆಯ ಮೇಲೆ ಕ್ಲಿಕ್ ಮಾಡಿದಾಗ ಹೊಸದು ಮೊದಲನೆಯದಾಗಿ, ಹಳೆಯದು ಎರಡನೆಯದಾಗಿ ಸರಿಯುತ್ತದೆ. ಆದ್ದರಿಂದ ಮುಖ್ಯವಾದದ್ದನ್ನು ಕೊನೆಗೆ ಕ್ಲಿಕ್ ಮಾಡಿ. ಕ್ವೆರಿ ಸೇವ್ ಮಾಡುವಾಗ ಇವನ್ನೇ 1, 2, 3 ಎಂದು ಬರೆದಿಡಬಹುದು. ನಿಮಗೆ ನಾನು ಹೇಳುವುದು: 1 ಡ್ಯೂ ಡೇಟ್ ಏರಿಕೆ, 2 ಪ್ರಯಾರಿಟಿ ಇಳಿಕೆ, 3 ಹಂತ ಇಳಿಕೆ. ಮೂರನೆಯದು ಯಾಕೆ ಇಳಿಕೆ ಎಂದರೆ, ಒಂದೇ ದಿನ, ಒಂದೇ ಪ್ರಯಾರಿಟಿ ಇರುವ ಎರಡರಲ್ಲಿ ಮುಗಿಯಲು ಹತ್ತಿರ ಇರುವುದನ್ನು ಮುಗಿಸಿ ಕೈಬಿಡುವುದು ಲೇಸು.

'ಗ್ರೂಪ್ ಬೈ' ಹಾಕಿದರೆ ಗುಂಪಿನ ಕ್ರಮ ಈ ಮೂರಕ್ಕಿಂತ ಮೊದಲು ಬರುತ್ತದೆ. ಅಸೈನೀ ಮೇಲೆ ಗುಂಪು ಮಾಡಿ ಅದರೊಳಗೆ ದಿನಾಂಕ ಎನ್ನುವುದು ಸರಿಹೋಗುತ್ತದೆ. ಹಂತದ ಮೇಲೆ ಗುಂಪು ಮಾಡಿದರೆ ನಾಳೆಯ ಗಡುವಿನ ಅಪ್‌ಲೋಡ್ ಮತ್ತೆ ತಳಕ್ಕೆ.

ಕ್ವೆರಿಯನ್ನು ಎಲ್ಲರಿಗೂ ಕಾಣುವಂತೆ ಸೇವ್ ಮಾಡಿ. ರೆಡ್‌ಮೈನ್ 5.0ರಿಂದ ಅದನ್ನೇ ಪ್ರಾಜೆಕ್ಟ್‌ನ ಡೀಫಾಲ್ಟ್ ಕ್ವೆರಿ ಮಾಡಬಹುದು, ಬಂದವರು 'ಇಶ್ಯೂಸ್' ಒತ್ತಿದರೆ ನೇರ ಅದೇ ತೆರೆಯುತ್ತದೆ.

---

ಅಕ್ಷರಜೋಡಣೆ

ನಾಲ್ಕನೆಯದಕ್ಕೆ ಉತ್ತರಿಸುತ್ತೇನೆ. ಕನ್ನಡದಲ್ಲಿ ಶೀರ್ಷಿಕೆ ಬರೆಯುವವರಿಗೆ ಇದು 10 ಮತ್ತು 2ರ ತಕರಾರಿಗಿಂತ ದೊಡ್ಡದು.

ಪಠ್ಯದ ಸಾರ್ಟ್ ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತದೆ. 'ಅಧ್ಯಾಯ 10' ಮತ್ತು 'ಅಧ್ಯಾಯ 2'ರಲ್ಲಿ ಮೊದಲು ಬೇರೆಯಾಗುವುದು 1 ಮತ್ತು 2, ಅಲ್ಲಿಗೇ ತೀರ್ಮಾನ ಮುಗಿಯಿತು. 'ಅಧ್ಯಾಯ 02' ಎಂದು ಬರೆದರೆ ಸರಿಹೋಗುತ್ತದೆ. 100 ದಾಟುವ ಸಾಧ್ಯತೆ ಇದ್ದರೆ ಮೂರು ಅಂಕಿ. ಆದರೆ ರೆಡ್‌ಮೈನ್‌ನ ಬಲ್ಕ್ ಎಡಿಟ್‌ನಲ್ಲಿ ಶೀರ್ಷಿಕೆ ಬದಲಿಸುವ ಸೌಲಭ್ಯ ಇಲ್ಲ, ಸಿಎಸ್‌ವಿ (ಕೋಷ್ಟಕದ ಪಠ್ಯ ಕಡತ) ಇಂಪೋರ್ಟ್ ಹೊಸ ಟಾಸ್ಕ್ ಸೃಷ್ಟಿಸುತ್ತದೆಯೇ ಹೊರತು ಇದ್ದದ್ದನ್ನು ತಿದ್ದುವುದಿಲ್ಲ. ರೆಸ್ಟ್ ಎಪಿಐ (ಬೇರೆ ಪ್ರೋಗ್ರಾಂಗಳು ರೆಡ್‌ಮೈನ್ ಜೊತೆ ಮಾತಾಡುವ ದಾರಿ) ತೆರೆದು ಸಣ್ಣ ಸ್ಕ್ರಿಪ್ಟ್‌ನಿಂದ ತಿದ್ದಿಸಬಹುದು. ಅದು ಬೇಡವೆಂದರೆ 'ಅಧ್ಯಾಯ ಸಂಖ್ಯೆ' ಎಂಬ ಇಂಟಿಜರ್ ಮಾದರಿಯ ಕಸ್ಟಮ್ ಫೀಲ್ಡ್ ಮಾಡಿ. ಇಂಟಿಜರ್ ಫೀಲ್ಡ್ ಸಂಖ್ಯೆಯಾಗಿಯೇ ಸಾರ್ಟ್ ಆಗುತ್ತದೆ. ಮಾದರಿ 'ಟೆಕ್ಸ್ಟ್' ಎಂದಿಟ್ಟು ಅಂಕಿ ತುಂಬಿದರೆ ಮತ್ತೆ ಅದೇ ಗೋಳು.

ಈಗ ಕನ್ನಡದ ವಿಷಯ.

ಕೊಲೇಷನ್ (ಅಕ್ಷರಗಳನ್ನು ಹೋಲಿಸಿ ಜೋಡಿಸಲು ಡೇಟಾಬೇಸ್ ಬಳಸುವ ನಿಯಮ) ಸರಿ ಇಲ್ಲದ ಕಡೆ ಅಕ್ಷರಗಳು ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಜೋಡಣೆಯಾಗುತ್ತವೆ, ವರ್ಣಮಾಲೆಯ ಕ್ರಮದಲ್ಲಲ್ಲ. ಯೂನಿಕೋಡ್ ಪಟ್ಟಿಯಲ್ಲಿ 'ಳ' ಕೂತಿರುವುದು 'ಲ' ಆದಮೇಲೆ, 'ವ'ಕ್ಕೂ ಮುಂಚೆ. ನಮ್ಮ ಮಾಲೆಯಲ್ಲಿ ಅದು 'ಹ' ಆದಮೇಲೆ. ಹಾಗಾಗಿ 'ಬಳಕೆ', 'ಬವಣೆ', 'ಬಹುಮಾನ' ಮೂರನ್ನು ಹಾಕಿದರೆ 'ಬಳಕೆ' ಮೇಲೆ ಬರುತ್ತದೆ, ಬರಬೇಕಾದ್ದು ಕೊನೆಯಲ್ಲಿ. ಪುಸ್ತಕದ ಹೆಸರಿನ ಮೇಲೆ ಸಾರ್ಟ್ ಮಾಡುವವರಿಗೆ ಇದು ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಟೇಬಲ್‌ನ ಕೊಲೇಷನ್ 'ಯುಟಿಎಫ್8ಎಂಬಿ4_ಜನರಲ್_ಸಿಐ' ಎಂದಿದ್ದರೆ ಹೀಗಾಗುತ್ತದೆ. ಮೈಎಸ್‌ಕ್ಯೂಎಲ್ 8.0ರ ಡೀಫಾಲ್ಟ್ '0900_ಎಐ_ಸಿಐ' ಯೂನಿಕೋಡ್‌ನ ಕೊಲೇಷನ್ ನಿಯಮಗಳನ್ನು ಅನುಸರಿಸುತ್ತದೆ. ಬದಲಿಸುವ ಮುನ್ನ ಬ್ಯಾಕಪ್ ತೆಗೆದು, ಪರೀಕ್ಷೆಯ ಪ್ರತಿಯಲ್ಲಿ ಈ ಮೂರು ಪದಗಳನ್ನೇ ಹಾಕಿ ನೋಡಿ.

ಕನ್ನಡ ಅಂಕಿ, ಇಂಗ್ಲಿಷ್ ಅಂಕಿ ಬೆರೆಸಬೇಡಿ. ಯೂನಿಕೋಡ್ ಸಂಖ್ಯೆಯ ಪ್ರಕಾರ ಸಾರ್ಟ್ ಆಗುವಾಗ '2' ಎಲ್ಲ ಕನ್ನಡ ಅಕ್ಷರಗಳಿಗಿಂತ ಮೊದಲು, '೨' ಎಲ್ಲವುಗಳ ನಂತರ. ಒಬ್ಬರು 'ಅಧ್ಯಾಯ ೨' ಎಂದು, ಇನ್ನೊಬ್ಬರು 'ಅಧ್ಯಾಯ 2' ಎಂದು ಬರೆದರೆ ಒಂದೇ ಪುಸ್ತಕದ ಅಧ್ಯಾಯಗಳು ಎರಡು ಗುಂಪಾಗುತ್ತವೆ. ಒಂದನ್ನು ನಿಶ್ಚಯಿಸಿ, ತಂಡದ ವಿಕಿಯಲ್ಲಿ ಬರೆದಿಡಿ.

ಎಲ್ಲಕ್ಕಿಂತ ಕಾಡುವುದು ಕಾಣದ ಅಕ್ಷರ. 'ಅಪ್‌ಲೋಡ್' ಎಂಬ ಪದವನ್ನು ಒತ್ತಕ್ಷರ ಆಗದಂತೆ ಬರೆಯಲು 'ಪ್' ಮತ್ತು 'ಲೋ' ನಡುವೆ ಜೀರೊ ವಿಡ್ತ್ ನಾನ್ ಜಾಯ್ನರ್ ಎಂಬ ಅಗೋಚರ ಅಕ್ಷರ ಕೂರುತ್ತದೆ. ಕೆಲವು ಕೀಲಿಮಣೆ ಅದನ್ನು ತಾನೇ ಹಾಕುತ್ತದೆ, ಕೆಲವು ಹಾಕುವುದಿಲ್ಲ. ಕೆಲವೊಮ್ಮೆ ಪದದ ಕೊನೆಯಲ್ಲೂ ಅನಗತ್ಯವಾಗಿ ಉಳಿದುಬಿಡುತ್ತದೆ. ಕೊನೆಯಲ್ಲಿದ್ದರಂತೂ ಕಣ್ಣಿಗೆ ಎರಡೂ ಒಂದೇ, ಜನರಲ್ ಕೊಲೇಷನ್‌ಗೆ ಎರಡು ಬೇರೆ ಪದ. ಸಾರ್ಟ್‌ನಲ್ಲಿ ಬೇರೆ ಜಾಗಕ್ಕೆ ಹೋಗುತ್ತವೆ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ತಪ್ಪುತ್ತದೆ. ಯೂನಿಕೋಡ್ ನಿಯಮದ ಕೊಲೇಷನ್‌ಗಳು ಹೋಲಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಂತದ ಹೆಸರನ್ನು ಯಾರೂ ಟೈಪ್ ಮಾಡದೆ ಪಟ್ಟಿಯಿಂದಲೇ ಆಯುವಂತೆ ಇಟ್ಟಿರುವುದು ಈ ಕಾರಣಕ್ಕೂ ಒಳ್ಳೆಯದು.

---

ಬ್ಯಾಕ್‌ಲಾಗ್

ಕಬ್ಬಿಣದಕಡಲೆ ಅವರು ಹೇಳಿದ ತಾಂತ್ರಿಕ ವಿವರ ಸರಿಯಾಗಿದೆ, ಆದರೆ 'ಹಂತ'ಕ್ಕೆ ಇನ್ನೊಂದು ಕಸ್ಟಮ್ ಫೀಲ್ಡ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಹಂತ ಅನ್ನುವುದು ಸ್ಟೇಟಸ್ಸೇ. ಆರು ಹಂತಗಳನ್ನು ಇಶ್ಯೂ ಸ್ಟೇಟಸ್ ಆಗಿ ಮಾಡಿ, ಕೊನೆಗೆ 'ಮುಗಿದಿದೆ' ಎಂಬ ಏಳನೆಯದಕ್ಕೆ ಮಾತ್ರ 'ಇಶ್ಯೂ ಕ್ಲೋಸ್ಡ್' ಗುರುತು ಹಾಕಿ. ಸ್ಟೇಟಸ್‌ಗಳು ಅಡ್ಮಿನಿಸ್ಟ್ರೇಷನ್‌ನಲ್ಲಿ ಎಳೆದಿಟ್ಟ ಕ್ರಮದಲ್ಲೇ ಸಾರ್ಟ್ ಆಗುತ್ತವೆ, ಹಾಗಾಗಿ ಎರಡನೇ ತೊಂದರೆ ತಾನಾಗಿ ಹೋಗುತ್ತದೆ. ದೊಡ್ಡ ಲಾಭ ಬೇರೆಯದು: ವರ್ಕ್‌ಫ್ಲೋ > ಫೀಲ್ಡ್ಸ್ ಪರ್ಮಿಷನ್ಸ್‌ನಲ್ಲಿ ಪ್ರತಿ ಸ್ಟೇಟಸ್‌ಗೂ ಡ್ಯೂ ಡೇಟ್ 'ರಿಕ್ವೈರ್ಡ್' ಮಾಡಬಹುದು. ಆಮೇಲೆ ಖಾಲಿ ದಿನಾಂಕದ ಹೊಸ ಟಾಸ್ಕ್ ಹುಟ್ಟುವುದೇ ಇಲ್ಲ. ಪುಸ್ತಕಕ್ಕೆ ಒಂದು ಟ್ರ್ಯಾಕರ್ (ರೆಡ್‌ಮೈನ್‌ನಲ್ಲಿ ಟಾಸ್ಕ್‌ನ ಬಗೆ), ಅಧ್ಯಾಯಕ್ಕೆ ಇನ್ನೊಂದು ಮಾಡಿ, ಈ ಕಡ್ಡಾಯವನ್ನು ಅಧ್ಯಾಯದ ಟ್ರ್ಯಾಕರ್‌ಗಷ್ಟೇ ಹಾಕಿ; ಪೇರೆಂಟ್‌ನ ದಿನಾಂಕ ಹೇಗೂ ಲೆಕ್ಕದಿಂದ ಬರುತ್ತದೆ.

ಇದಕ್ಕಿಂತ ಮುಖ್ಯ: ನಿಮ್ಮ ಡ್ಯೂ ಡೇಟ್ ಯಾವುದರ ಗಡುವು? ಅಧ್ಯಾಯ ಅಪ್‌ಲೋಡ್ ಆಗುವ ದಿನ 30 ಎಂದಿಟ್ಟರೆ, ಸ್ಕ್ಯಾನ್ ಹಂತದಲ್ಲಿರುವುದೂ 30, ಪುಟವಿನ್ಯಾಸದಲ್ಲಿರುವುದೂ 30. ಸಾರ್ಟ್ ಎರಡನ್ನೂ ಒಂದೇ ಸಾಲಿಗೆ ತರುತ್ತದೆ, ವಾಸ್ತವದಲ್ಲಿ ಮೊದಲನೆಯದು ಆಗಲೇ ತಡವಾಗಿದೆ. ಗಡುವನ್ನು ಹಿಂದಿನಿಂದ ಎಣಿಸಬೇಕು. ಅಪ್‌ಲೋಡ್‌ಗೆ 1 ದಿನ, ಪುಟವಿನ್ಯಾಸಕ್ಕೆ 3, ಕರಡು 2ಕ್ಕೆ 4 ದಿನ ಬೇಕೆಂದರೆ ಕರಡು 1 ಮುಗಿಯಬೇಕಾದ್ದು 22ರ ಸಂಜೆಯೊಳಗೆ, ನಡುವಿನ ರಜೆ ಲೆಕ್ಕಕ್ಕೆ ಹಿಡಿದರೆ ಇನ್ನೂ ಮುಂಚೆ. ಟಾಸ್ಕ್‌ನಲ್ಲಿ ಇರಬೇಕಾದ ಡ್ಯೂ ಡೇಟ್ ಆ ಹಂತದ್ದು. ಒಂದು ಹಂತ ಮುಗಿಸಿ ಮುಂದಿನವರಿಗೆ ಕೊಡುವಾಗ ಸ್ಟೇಟಸ್, ಅಸೈನೀ, ಡ್ಯೂ ಡೇಟ್ ಮೂರನ್ನೂ ಒಟ್ಟಿಗೆ ಬದಲಿಸುವುದು ತಂಡದ ನಿಯಮವಾಗಲಿ. ಹಂತಕ್ಕೊಂದು ಸಬ್‌ಟಾಸ್ಕ್ ಮಾಡಿದರೂ ಇದು ಸಾಧ್ಯ, ಆದರೆ 340 ಇರುವುದು 2,000 ಆಗುತ್ತದೆ, ಯಾರೂ ಅದನ್ನು ತಿದ್ದಿಕೊಂಡು ಕೂರುವುದಿಲ್ಲ.

ಸರಿ, ದಿನಾಂಕ ನೇರವಾಯಿತು. ಅದರ ಮೇಲೆ ಸಾರ್ಟ್ ಮಾಡುವುದೇ ಯಾಕೆ ಸರಿ, ಪ್ರಯಾರಿಟಿ ಮೊದಲ ಕೀಲಿ ಯಾಕಲ್ಲ? ಒಬ್ಬರ ಮುಂದೆ ಮೂರು ಕೆಲಸ ಇವೆ ಎಂದುಕೊಳ್ಳಿ:

ಕೆಲಸ ಕ: 6 ದಿನ ಬೇಕು, 8ನೇ ದಿನಕ್ಕೆ ಗಡುವು, ಪ್ರಯಾರಿಟಿ ಹೈ.
ಕೆಲಸ ಚ: 1 ದಿನ ಬೇಕು, 9ನೇ ದಿನಕ್ಕೆ ಗಡುವು.
ಕೆಲಸ ಟ: 2 ದಿನ ಬೇಕು, 5ನೇ ದಿನಕ್ಕೆ ಗಡುವು.

ಪ್ರಯಾರಿಟಿ ಮೊದಲು ಎಂದರೆ ಕ 6ಕ್ಕೆ ಮುಗಿಯುತ್ತದೆ, ಟ 8ಕ್ಕೆ, ಅಂದರೆ 3 ದಿನ ತಡ. ಚಿಕ್ಕದು ಮೊದಲು ಎಂದರೆ ಚ 1ಕ್ಕೆ, ಟ 3ಕ್ಕೆ, ಕ 9ಕ್ಕೆ. ಹೈ ಎಂದಿದ್ದೇ 1 ದಿನ ತಡ. ಗಡುವು ಮೊದಲು ಎಂದರೆ ಟ 2ಕ್ಕೆ, ಕ 8ಕ್ಕೆ, ಚ 9ಕ್ಕೆ. ಯಾವುದೂ ತಡವಿಲ್ಲ. ಇದು ಈ ಒಂದು ಉದಾಹರಣೆಯ ಅದೃಷ್ಟವಲ್ಲ. ಒಬ್ಬರೇ ಮಾಡುವ, ಈಗಲೇ ಶುರು ಮಾಡಬಹುದಾದ ಕೆಲಸಗಳಲ್ಲಿ ಅತಿ ಹೆಚ್ಚು ತಡವಾಗುವುದನ್ನು ಕನಿಷ್ಠಕ್ಕೆ ಇಳಿಸುವುದು ಗಡುವಿನ ಕ್ರಮವೇ ಎಂದು ಜೆ. ಆರ್. ಜಾಕ್ಸನ್ 1955ರಲ್ಲೇ ತೋರಿಸಿದ್ದಾರೆ. ಗಡುವೇ ಇಲ್ಲದ ಕೆಲಸಗಳಿಗೆ ಬೇರೆ ಸೂತ್ರ: ಮಹತ್ವವನ್ನು ಬೇಕಾದ ದಿನಗಳಿಂದ ಭಾಗಿಸಿ, ದೊಡ್ಡ ಭಾಗಲಬ್ಧ ಮೊದಲು. ಇದು ಡಬ್ಲ್ಯು. ಇ. ಸ್ಮಿತ್ ಅವರ 1956ರ ಫಲಿತಾಂಶ. ಇಂದಿನ ಡಬ್ಲ್ಯುಎಸ್‌ಜೆಎಫ್ (ವೆಯ್ಟೆಡ್ ಶಾರ್ಟೆಸ್ಟ್ ಜಾಬ್ ಫಸ್ಟ್) ಲೆಕ್ಕಾಚಾರ ಇದೇ ಜಾಡಿನದು.

ಗಡುವಿನ ಕ್ರಮ ಕೈಕೊಡುವುದು ಕೆಲಸ ಕೈಮೀರಿದಾಗ. ಎಲ್ಲವೂ ಸಮಯಕ್ಕೆ ಮುಗಿಯುವುದು ಸಾಧ್ಯವೇ ಇಲ್ಲ ಎಂದಾದರೆ, ಮೇಲಿರುವ ಒಂದು ದೊಡ್ಡ ಕೆಲಸ ತಾನೂ ತಡವಾಗಿ ಕೆಳಗಿನ ಎಲ್ಲವನ್ನೂ ತಡ ಮಾಡಿಸುತ್ತದೆ. ಆಗ ಹೀಗೆ ಮಾಡಿ: ಗಡುವಿನ ಕ್ರಮದಲ್ಲಿಟ್ಟು ದಿನಗಳನ್ನು ಕೂಡುತ್ತಾ ಬನ್ನಿ. ಗಡುವು ಮೀರುವ ಮೊದಲ ಕೆಲಸ ಸಿಕ್ಕಿದ ತಕ್ಷಣ ನಿಲ್ಲಿ. ಅಲ್ಲಿಯವರೆಗಿನ ಎಲ್ಲದರಲ್ಲಿ (ಅದೂ ಸೇರಿ) ಅತಿ ಹೆಚ್ಚು ದಿನ ತಿನ್ನುವುದನ್ನು ಎತ್ತಿ ಪಟ್ಟಿಯ ಕೊನೆಗೆ ಹಾಕಿ. ಮತ್ತೆ ಕೂಡುತ್ತಾ ಮುಂದುವರಿಯಿರಿ. ತಡವಾಗುವ ಕೆಲಸಗಳ ಸಂಖ್ಯೆ ಇದಕ್ಕಿಂತ ಕಡಿಮೆ ಮಾಡಲಾಗದು, 1968ರಲ್ಲಿ ಜೆ. ಎಂ. ಮೂರ್ ಪ್ರಕಟಿಸಿದ ವಿಧಾನ. ಕೊನೆಗೆ ಹೋದವುಗಳಿಗೆ ಹೊಸ ಗಡುವು ಮಾತಾಡಿ ತರಬೇಕು, ಹಳೆಯ ದಿನಾಂಕ ಹಾಗೇ ಬಿಟ್ಟರೆ ಮರುದಿನ ಅವು ಮತ್ತೆ ತಲೆಗೇ ಬರುತ್ತವೆ.

ಪುಸ್ತಕ ಪುಸ್ತಕಗಳ ನಡುವೆ ಅವಲಂಬನೆ ಇದ್ದರೆ (ಸಂಪುಟ 1ರ ಪದಸೂಚಿ ಆಗದೆ ಸಂಪುಟ 2 ಆಗದು ಎನ್ನುವಂತೆ) ರಿಲೇಷನ್‌ನಲ್ಲಿ 'ಪ್ರಿಸೀಡ್ಸ್' ಬಳಸಿ. ಅದು ಹಿಂದಿನದರ ಡ್ಯೂ ಡೇಟ್ ಆದ ಮೇಲಿನ ಕೆಲಸದ ದಿನಕ್ಕೆ ಮುಂದಿನದರ ಸ್ಟಾರ್ಟ್ ಡೇಟನ್ನು ತಾನೇ ತಳ್ಳುತ್ತದೆ. 'ಬ್ಲಾಕ್ಸ್' ದಿನಾಂಕ ಮುಟ್ಟುವುದಿಲ್ಲ, ಕ್ಲೋಸ್ ಮಾಡದಂತೆ ತಡೆಯುತ್ತದೆ ಅಷ್ಟೆ.

---

ತುಂಗಾತೀರ

ಎಲ್ಲರಿಗೂ ಧನ್ಯವಾದ. ಹಂತಗಳನ್ನು ಸ್ಟೇಟಸ್‌ಗೆ ತರುವುದೇ ಸರಿ ಎನಿಸುತ್ತಿದೆ, ಪರೀಕ್ಷೆಯ ಪ್ರತಿಯಲ್ಲಿ ಹಾಗೇ ಮಾಡಿದ್ದೇವೆ. 'ಬಳಕೆ, ಬವಣೆ, ಬಹುಮಾನ' ಹಾಕಿ ನೋಡಿದೆವು, 'ಬಳಕೆ' ಮೇಲೆ ಬಂತು, ಕೊಲೇಷನ್ ಜನರಲ್_ಸಿಐ.

ಉಳಿದದ್ದು ಐದನೆಯದು. ವಾರಕ್ಕೆ ಸುಮಾರು 20 ಕೆಲಸಗಳ ಸರದಿಯನ್ನು ಸಂಪಾದಕರು ಕೈಯಾರೆ ನಿರ್ಧರಿಸುತ್ತಾರೆ, ಅದು ಯಾವ ಸೂತ್ರಕ್ಕೂ ಸಿಗುವುದಿಲ್ಲ. ಇದೊಂದಕ್ಕಾಗಿ ರೆಡ್‌ಮೈನ್ ಬಿಟ್ಟು ಜಿರಾ ಎಂಬ ಇನ್ನೊಂದು ಟಾಸ್ಕ್ ತಂತ್ರಾಂಶಕ್ಕೆ ಹೋಗುವುದು ಸರಿಯೇ? ಇನ್ನೊಂದು ಸಲಹೆ ಬಂದಿರುವುದು, ಮೈಕ್ರೋಸಾಫ್ಟ್‌ನ ಎಂಎಸ್ ಪ್ರಾಜೆಕ್ಟ್‌ನಲ್ಲಿ ಯೋಜನೆ ಇಟ್ಟು ಅಲ್ಲಿ ಸಾರ್ಟ್ ಮಾಡುವುದು.

---

ಸ್ಪ್ರಿಂಟ್_ಸಾಲು

ಜಿರಾದಲ್ಲಿ ಎಳೆದು ಕೂರಿಸುವುದು ನಿಜಕ್ಕೂ ಚೆನ್ನಾಗಿದೆ, ಆದರೆ ಹೋಗುವ ಮುನ್ನ ಇವು ಗೊತ್ತಿರಲಿ.

ಎಳೆದಿಟ್ಟ ಜಾಗ 'ರ್‍ಯಾಂಕ್' ಎಂಬ ಫೀಲ್ಡ್‌ನಲ್ಲಿ ಉಳಿಯುತ್ತದೆ. ಬೋರ್ಡ್‌ನ (ಟಾಸ್ಕ್‌ಗಳನ್ನು ತೋರಿಸುವ ಪರದೆಯ) ಫಿಲ್ಟರ್ 'ಆರ್ಡರ್ ಬೈ ರ್‍ಯಾಂಕ್' ಎಂದು ಮುಗಿದಿದ್ದರೆ ಮಾತ್ರ ಎಳೆಯಲು ಬರುತ್ತದೆ. ಅದೇ ಫಿಲ್ಟರ್‌ನಲ್ಲಿ 'ಆರ್ಡರ್ ಬೈ ಪ್ರಯಾರಿಟಿ' ಎಂದು ಯಾರಾದರೂ ತಿದ್ದಿದರೆ ಎಳೆಯುವುದು ನಿಂತುಹೋಗುತ್ತದೆ. ಎಳೆಯುವವರಿಗೆ 'ಶೆಡ್ಯೂಲ್ ಇಶ್ಯೂಸ್' ಅನುಮತಿಯೂ ಬೇಕು. 'ನನಗೆ ಮಾತ್ರ ಎಳೆಯಲು ಬರುತ್ತಿಲ್ಲ' ಎಂಬ ದೂರು ಬಂದರೆ ಈ ಎರಡನ್ನು ಮೊದಲು ನೋಡಿ.

ರ್‍ಯಾಂಕ್ ಬೋರ್ಡ್‌ಗೊಂದರಂತೆ ಇರುವುದಿಲ್ಲ, ಇಡೀ ಜಿರಾಗೆ ಒಂದೇ. ಎರಡು ಬೋರ್ಡ್‌ಗಳಲ್ಲಿ ಒಂದೇ ಟಾಸ್ಕ್‌ಗಳು ಕಾಣುತ್ತಿದ್ದರೆ, ಸಂಪಾದಕರು ತಮ್ಮ ಬೋರ್ಡ್‌ನಲ್ಲಿ ಎಳೆದದ್ದು ಪುಟವಿನ್ಯಾಸದವರ ಬೋರ್ಡ್‌ನಲ್ಲೂ ಕ್ರಮ ಬದಲಿಸುತ್ತದೆ. ಒಂದೇ ಕೆಲಸಕ್ಕೆ ಎರಡು ಸರದಿ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ.

20 ಸಾಲಿಗಾಗಿ 340 ಟಾಸ್ಕ್‌ಗಳ ಇತಿಹಾಸವನ್ನು ಸಾಗಿಸುವುದು ನನಗೆ ಸರಿ ಕಾಣುವುದಿಲ್ಲ.

---

ಗ್ಯಾಂಟ್‌ಮನೆ

ಎಂಎಸ್ ಪ್ರಾಜೆಕ್ಟ್ ಬಗ್ಗೆ ಇಷ್ಟೇ: ವ್ಯೂ > ಸಾರ್ಟ್ > ಸಾರ್ಟ್ ಬೈ ತೆರೆದರೆ ಕೆಳಗೆ 'ಪರ್ಮನೆಂಟ್ಲಿ ರೀನಂಬರ್ ಟಾಸ್ಕ್ಸ್' ಎಂಬ ಚೌಕ ಇದೆ. ಅದು ಖಾಲಿ ಇದ್ದರೆ ಸಾರ್ಟ್ ಬರಿಯ ನೋಟ, ಐಡಿ ಮೇಲೆ ಮತ್ತೆ ಸಾರ್ಟ್ ಮಾಡಿದರೆ ಮೊದಲಿನ ಕ್ರಮ ಬರುತ್ತದೆ. ಗುರುತು ಹಾಕಿದ್ದರೆ ಐಡಿಗಳೇ ಹೊಸದಾಗಿ ಬರೆಯಲ್ಪಡುತ್ತವೆ. ತಕ್ಷಣ ಅನ್‌ಡೂ ಮಾಡದಿದ್ದರೆ ಹಳೆಯ ಕ್ರಮ ಹೋಯಿತು. ಆ ಗುರುತು ಮುಂದಿನ ಸಾರ್ಟ್‌ಗೂ ಹಾಗೇ ಉಳಿಯುತ್ತದೆ, 'ರೀಸೆಟ್' ಒತ್ತಿ ತೆಗೆಯಬೇಕು. ಮುದ್ರಿಸಿದ ಹಾಳೆಯಲ್ಲಿ ಐಡಿ ನೋಡಿ ಮಾತಾಡುವ ತಂಡ ಇದ್ದರೆ ಆ ಹಾಳೆ ಅಂದಿಗೆ ಕೆಲಸಕ್ಕೆ ಬಾರದು. ಪಕ್ಕದ 'ಕೀಪ್ ಔಟ್‌ಲೈನ್ ಸ್ಟ್ರಕ್ಚರ್' ಗುರುತು ಇರಲಿ, ಇಲ್ಲದಿದ್ದರೆ ಅಧ್ಯಾಯಗಳು ಪುಸ್ತಕ ಬಿಟ್ಟು ಅಲೆಯುತ್ತವೆ.

---

ಕಬ್ಬಿಣದಕಡಲೆ

ಸ್ಟೇಟಸ್ ವಿಷಯದಲ್ಲಿ ಬ್ಯಾಕ್‌ಲಾಗ್ ಅವರ ಮಾತು ನಿಮ್ಮ ತಂಡಕ್ಕೆ ಹೆಚ್ಚು ಹೊಂದುತ್ತದೆ, ಡ್ಯೂ ಡೇಟ್ ಕಡ್ಡಾಯ ಮಾಡಲು ಬರುವುದೊಂದೇ ಸಾಕು. ಮೇಲಿನ ನನ್ನ ಮೂರನೇ ಕೀಲಿಯನ್ನು 'ಸ್ಟೇಟಸ್ ಇಳಿಕೆ' ಎಂದು ಓದಿಕೊಳ್ಳಿ.

20 ಕೆಲಸಗಳ ಕೈಸರದಿಗೆ ರೆಡ್‌ಮೈನ್‌ನಲ್ಲೇ ದಾರಿ ಇದೆ. 'ಸರದಿ' ಎಂಬ ಇಂಟಿಜರ್ ಕಸ್ಟಮ್ ಫೀಲ್ಡ್ ಮಾಡಿ, ಡೀಫಾಲ್ಟ್ ಮೌಲ್ಯ ಕೊಡಬೇಡಿ. ಸಂಪಾದಕರು ಅಂಕಿಗಳನ್ನು 10, 20, 30 ಎಂದು ಬಿಟ್ಟು ಬಿಟ್ಟು ಕೊಡಲಿ. 10 ಮತ್ತು 20ರ ನಡುವೆ ತುರುಕಬೇಕಾದರೆ 15, ಉಳಿದ ಯಾವುದನ್ನೂ ಮುಟ್ಟಬೇಕಿಲ್ಲ. 1, 2, 3 ಎಂದು ಕೊಟ್ಟರೆ ಒಂದನ್ನು ಮೇಲಕ್ಕೆ ತರಲು ಕೆಳಗಿನ ಎಲ್ಲವನ್ನೂ ತಿದ್ದಬೇಕಾಗುತ್ತದೆ. ವಾರದ ಕೊನೆಗೆ ನಡುವಿನ ಜಾಗ ಕಿಕ್ಕಿರಿದಿದ್ದರೆ ಮತ್ತೆ ಹತ್ತು ಹತ್ತರಂತೆ ಬರೆಯಲಿ, 20 ಸಾಲಿಗೆ ಐದು ನಿಮಿಷದ ಕೆಲಸ.

ಇದಕ್ಕೆ ಬೇರೆಯೇ ಕ್ವೆರಿ: ಸ್ಟೇಟಸ್ ಓಪನ್, 'ಸರದಿ: ಎನಿ', ಸಾರ್ಟ್ 'ಸರದಿ' ಏರಿಕೆ, ಎರಡನೇ ಕೀಲಿ ಡ್ಯೂ ಡೇಟ್. 'ಎನಿ' ಫಿಲ್ಟರ್ ಬಿಡಬೇಡಿ. ಸಂಖ್ಯೆಯ ಕಸ್ಟಮ್ ಫೀಲ್ಡ್ ಖಾಲಿಯಿದ್ದರೆ ಸಾರ್ಟ್‌ನಲ್ಲಿ 0 ಎಂದು ಲೆಕ್ಕವಾಗುವುದುಂಟು, ಉಳಿದ 320 ಕೆಲಸಗಳು 10ಕ್ಕಿಂತ ಮೇಲೆ ಬಂದು ನಿಲ್ಲುತ್ತವೆ. ಮುಗಿದವು ಸ್ಟೇಟಸ್ ಫಿಲ್ಟರ್‌ನಿಂದಲೇ ಪಟ್ಟಿ ಬಿಟ್ಟು ಹೋಗುತ್ತವೆ, ಅವುಗಳ ಅಂಕಿ ಅಳಿಸುವ ಗೊಡವೆ ಬೇಡ.

ಯಾರಾದರೂ ಇದರ ಮೇಲೆ ಎಳೆದು ಕೂರಿಸುವ ಪರದೆಯನ್ನು ಸ್ವಂತವಾಗಿ ಬರೆಯಲು ಹೊರಟರೆ, ಎರಡು ಅಂಕಿಗಳ ಸರಾಸರಿಯನ್ನು ದಶಮಾಂಶವಾಗಿ ಇಡುವ ಉಪಾಯ ಮೊದಲು ಹೊಳೆಯುತ್ತದೆ. 1 ಮತ್ತು 2ರ ನಡುವೆ ಒಂದೇ ಬದಿಗೆ ತುರುಕುತ್ತಾ ಹೋದರೆ ಕಂಪ್ಯೂಟರ್ ದಶಮಾಂಶ ಇಡುವ ಡಬಲ್ ಮಾದರಿಯಲ್ಲಿ 52 ಬಾರಿಗೆ, ಅದಕ್ಕಿಂತ ಕಡಿಮೆ ನಿಖರತೆಯ ಸಿಂಗಲ್ ಫ್ಲೋಟ್ ಮಾದರಿಯಲ್ಲಿ 23 ಬಾರಿಗೆ ಜಾಗ ಮುಗಿಯುತ್ತದೆ. ಆಮೇಲೆ ಎರಡು ಟಾಸ್ಕ್‌ಗೆ ಒಂದೇ ಅಂಕಿ ಬಂದು ಕ್ರಮ ಅಲುಗಾಡುತ್ತದೆ. ಪೂರ್ಣಾಂಕ ಇಟ್ಟು, ಜಾಗ ಮುಗಿದಾಗ ಆ ಪಟ್ಟಿಯನ್ನಷ್ಟೇ ಮರುಸಂಖ್ಯೆ ಮಾಡುವುದು ಸುಲಭ. ಸಾರ್ಟ್‌ನ ಕೊನೆಯ ಕೀಲಿಯಾಗಿ ಐಡಿ ಸೇರಿಸಲು ಮರೆಯಬಾರದು. ಸಮ ಬಂದ ಸಾಲುಗಳ ಕ್ರಮಕ್ಕೆ ಡೇಟಾಬೇಸ್ ಯಾವ ಖಾತ್ರಿಯೂ ಕೊಡುವುದಿಲ್ಲ, ಹಾಗಾಗಿ ಒಂದೇ ಟಾಸ್ಕ್ ಎರಡು ಪುಟದಲ್ಲಿ ಕಂಡು ಇನ್ನೊಂದು ಯಾವ ಪುಟದಲ್ಲೂ ಕಾಣದೆ ಹೋಗಬಹುದು.

ಕೊನೆಯದಾಗಿ, ವರ್ಕ್‌ಫ್ಲೋ > ಫೀಲ್ಡ್ಸ್ ಪರ್ಮಿಷನ್ಸ್‌ನಲ್ಲಿ 'ಸರದಿ'ಯನ್ನು ಸಂಪಾದಕರ ರೋಲ್ ಬಿಟ್ಟು ಉಳಿದ ಎಲ್ಲ ರೋಲ್‌ಗಳಿಗೆ 'ರೀಡ್ ಓನ್ಲಿ' ಮಾಡಿ. ಒಬ್ಬರಿಗೆ ಎರಡು ರೋಲ್ ಇದ್ದರೆ ಒಂದರಲ್ಲಿ ತಡೆದದ್ದು ಇನ್ನೊಂದರಲ್ಲಿ ತೆರೆದುಕೊಳ್ಳುತ್ತದೆ, ಅದನ್ನೂ ಒಮ್ಮೆ ನೋಡಿಕೊಳ್ಳಿ.